ಕಿಟಕಿಯಲ್ಲಿ ಕದಲದ ಭೂಮಿ

ಸಿಮ್ಯುಲೇಟರ್ ವಿಭಾಗದಲ್ಲಿ ಅವಳನ್ನು ಎಲ್ಲರೂ ಚಂದ್ರಕ್ಕ ಎಂದೇ ಕರೆಯುತ್ತಿದ್ದರು. ಹನ್ನೊಂದು ವರ್ಷದ ಹಿಂದೆ ಪೈಲಟ್‌ಗಳು ನೆಲದಲ್ಲೇ ಕೂತು ನೌಕೆ ಇಳಿಸಿ ಕಲಿಯುವ ಸಾಫ್ಟ್‌ವೇರಿಗೆ ಚಂದ್ರನನ್ನು ಬರೆದುಕೊಟ್ಟವಳು ಅವಳೇ. ಗುಂಡಿ, ದಿಬ್ಬ, ನೆರಳು ಯಾವುದರಲ್ಲೂ ಬೆರಳಿಟ್ಟು ತೋರಿಸುವಂಥ ತಪ್ಪಿರಲಿಲ್ಲ. ಅದರ ಹೆಮ್ಮೆ ಅವಳಿಗೆ ಸ್ವಲ್ಪ ಜಾಸ್ತಿಯೇ ಇತ್ತು ಅನ್ನಿ.

ಅವಳ ತಮ್ಮ ಪೈಲಟ್. ಚಂದ್ರನ ಮೇಲೆ ಇಳಿಯುವ ನೌಕೆಯಲ್ಲಿ ಉಳಿದಿದ್ದ ಒಂದೇ ಒಂದು ಸೀಟಿಗೆ ಅವನೂ ಇನ್ನೊಬ್ಬ ಹುಡುಗಿಯೂ ಕೊನೆಯ ಸುತ್ತಿನಲ್ಲಿದ್ದರು. ಬಾಯಿ ಬಿಟ್ಟರೆ ಮುತ್ತು ಉದುರುತ್ತದೇನೋ ಎಂದು ಜೊತೆಯವರು ಆ ಹುಡುಗಿಯನ್ನು ಗೇಲಿ ಮಾಡುತ್ತಿದ್ದರು. ಸಿಮ್ಯುಲೇಟರಿನಲ್ಲಿ ನಡೆದ ಈ ಸಲದ ಪರೀಕ್ಷೆಯಲ್ಲಿ ಮೊದಲ ಬಾರಿಗೆ ಕಂಪ್ಯೂಟರಿನ ಸಹಾಯ ಬಂದ್. ತಾವೇ ಲೆಕ್ಕ ಹಾಕಿ ಕೈಯಾರೆ ಇಳಿಸಬೇಕು. ಚಂದ್ರಕ್ಕನ ತಮ್ಮ, ಗುರುತಿನ ಜಾಗದಿಂದ ನಾನೂರು ಮೀಟರಿನೊಳಗೆ ಇಳಿಸಿದ. ಹುಡುಗಿ ನೂರ ಅರವತ್ತೇಳು ಕಿಲೋಮೀಟರ್ ಆಚೆ ಇಳಿಸಿದಳು. ಮರುದಿನ ಮಧ್ಯಾಹ್ನ ನಾಲ್ಕಕ್ಕೆ ಫಲಿತಾಂಶ ಹೇಳುವುದಷ್ಟೇ ಬಾಕಿ.

ಫಲಿತಾಂಶದ ದಿನ ಬೆಳಿಗ್ಗೆ ಹನ್ನೊಂದಕ್ಕೆ ಹುಡುಗಿ ಬಂದು ಮೇಜಿನ ಮುಂದೆ ನಿಂತಳು.

"ಚಂದ್ರಕ್ಕಾ, ಒಂದು ಕೇಳ್ಲಾ? ನಿಮ್ಮ ಚಂದ್ರನ ಮೇಲೆ ನಿಂತು ನೋಡಿದ್ರೆ ಭೂಮಿ ಕದಲೋದೇ ಇಲ್ಲ. ರಾತ್ರಿ ಕೂತು ಒಂದು ತಿಂಗಳಿನಷ್ಟು ಕಾಲ ಓಡಿಸಿ ನೋಡಿದೆ. ಮೊಳೆ ಹೊಡೆದು ನೇತುಹಾಕಿದ ಹಾಗಿದೆ."

"ಚಂದ್ರ ಯಾವಾಗ್ಲೂ ನಮಗೆ ಒಂದೇ ಮುಖ ತೋರಿಸ್ತಾನಮ್ಮ. ಚಿಕ್ಕ ಮಕ್ಕಳಿಗೂ ಗೊತ್ತು."

"ಹೆಚ್ಚುಕಡಿಮೆ ಒಂದೇ ಮುಖ," ಎಂದು ಹುಡುಗಿ ಹೊರಟುಹೋದಳು.

ಸೋತವರು ಹೀಗೇ ಏನಾದರೂ ಹುಡುಕುತ್ತಾರೆ ಎಂದುಕೊಂಡಳು ಚಂದ್ರಕ್ಕ. ಆದರೂ ಆ 'ಹೆಚ್ಚುಕಡಿಮೆ' ಅವಳ ತಲೆ ತಿನ್ನತೊಡಗಿತು. ಹಳೆಯ ಕೋಡ್ ತೆರೆದಳು. ಪ್ರತಿ ಕ್ಷಣವೂ ಚಂದ್ರನ ಮುಖ ಭೂಮಿಯ ಕಡೆಗೇ ಇರಲಿ ಎಂದು ಅವಳೇ ಬರೆದ ಸಾಲು ಅಲ್ಲಿತ್ತು.

ನಿಜವಾದ ಚಂದ್ರ ಅಷ್ಟು ಹೇಳಿದ ಮಾತು ಕೇಳುವವನಲ್ಲ. ತನ್ನ ಸುತ್ತ ತಾನು ಒಂದೇ ಗತಿಯಲ್ಲಿ ತಿರುಗುತ್ತಾನೆ. ಭೂಮಿಯ ಸುತ್ತ ಹೋಗುವಾಗ ಮಾತ್ರ ಹತ್ತಿರ ಬಂದರೆ ಓಡುತ್ತಾನೆ, ದೂರ ಹೋದರೆ ಕಾಲೆಳೆಯುತ್ತಾನೆ. ಎರಡೂ ತಾಳೆಯಾಗದೆ ಅವನ ಮುಖ ಆಚೀಚೆ ಓಲಾಡುತ್ತದೆ. ಪರೀಕ್ಷೆಯ ದಿನ ಆ ಓಲಾಟ ಐದೂವರೆ ಡಿಗ್ರಿ. ಚಂದ್ರನ ನೆಲದ ಮೇಲೆ ಒಂದು ಡಿಗ್ರಿ ಎಂದರೆ ಮೂವತ್ತು ಕಿಲೋಮೀಟರಿಗೂ ಚೂರು ಹೆಚ್ಚು. ಗುಣಿಸಲು ಅವಳಿಗೆ ಕಾಗದ ಬೇಕಾಗಲಿಲ್ಲ. ಇಷ್ಟು ವರ್ಷ ಕಂಪ್ಯೂಟರೂ ಇದೇ ಸುಳ್ಳು ಚಂದ್ರನನ್ನು ನೋಡಿಯೇ ದಾರಿ ತೋರಿಸುತ್ತಿದ್ದರಿಂದ ತಪ್ಪು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಊಟ ಬಿಟ್ಟು ಕೂತು ತಿರುಗುವಿಕೆಯನ್ನು ಸರಿಪಡಿಸಿದಳು. ಇಬ್ಬರ ಹಾರಾಟದ ದಾಖಲೆಯನ್ನೂ ಹೊಸ ಚಂದ್ರನ ಮೇಲೆ ಓಡಿಸಿದಳು. ನಿಜವಾದ ಚಂದ್ರನ ಖಗೋಳ ಕೋಷ್ಟಕ ನೋಡಿ ಲೆಕ್ಕ ಹಾಕಿದ್ದ ಹುಡುಗಿ ಗುರುತಿನ ಜಾಗದ ಪಕ್ಕದಲ್ಲೇ ಇಳಿದಳು. ತಮ್ಮನೋ ನೂರ ಅರವತ್ತೇಳು ಕಿಲೋಮೀಟರ್ ಆಚೆ ಬಿದ್ದ. ಅವನು ಕಿಟಕಿಯಲ್ಲಿ ಕಾಣುವ ಭೂಮಿಯನ್ನೇ ಗುರುತಾಗಿ ಹಿಡಿದು ಇಳಿಸಿದ್ದ. ಆ ಉಪಾಯ ಹೇಳಿಕೊಟ್ಟವಳು ಅಕ್ಕನೇ. ವರ್ಷವಿಡೀ ಭಾನುವಾರಗಳಲ್ಲಿ ಪಕ್ಕದಲ್ಲಿ ಕೂತು, "ಭೂಮಿ ನೋಡ್ಕೊಂಡು ಇಳಿಸೋ, ಅದೆಲ್ಲೂ ಓಡಿಹೋಗಲ್ಲ," ಎಂದಿದ್ದಳು.

ಈ ತಿದ್ದುಪಡಿಯನ್ನು ಮುಂದಿನ ವಾರ ಹಾಕಿದರೂ ಕೇಳುವವರಿರಲಿಲ್ಲ. ಅವಳು ಕುರ್ಚಿಯಿಂದ ಎದ್ದಳು, ನೀರು ಕುಡಿದಳು, ಮತ್ತೆ ಕೂತಳು. ಮೂರೂ ಇಪ್ಪತ್ತಕ್ಕೆ ಎರಡೂ ದಾಖಲೆಗಳನ್ನು ಪರೀಕ್ಷಾಧಿಕಾರಿಗೆ ಕಳಿಸಿ, ತಪ್ಪು ತನ್ನದು ಎಂದು ಕೆಳಗೆ ಬರೆದಳು.

ಆಮೇಲೆ ಪೈಲಟ್‌ಗಳ ಕೋಣೆಗೆ ಹೋದಳು. ತಮ್ಮ ನಾಲ್ಕು ಗಂಟೆಗೆಂದು ಅಂಗಿಗೆ ಇಸ್ತ್ರಿ ಹಾಕುತ್ತಿದ್ದ. ಅವಳು ಎಲ್ಲವನ್ನೂ ಹೇಳಿದಳು. ಅವನು ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಸ್ವಿಚ್ ಆರಿಸಿದ.

"ಕಳಿಸೋಕೆ ಮುಂಚೆ ನಂಗೊಂದು ಮಾತು ಹೇಳಬಾರದಿತ್ತಾ ಅಕ್ಕಾ?"

"ನೀನು ಬೇಡ ಅಂದಿದ್ರೆ ನಾನು ಕಳಿಸ್ತಿರಲಿಲ್ಲ ಕಣೋ. ಅದಕ್ಕೇ ಹೇಳಲಿಲ್ಲ."

ತಮ್ಮ ಅರ್ಧ ಇಸ್ತ್ರಿಯಾಗಿದ್ದ ಅಂಗಿಯನ್ನು ಹಾಗೇ ಮಡಚಿಟ್ಟ.

"ಬೇಡ ಅಂತಲೇ ಅಂತಿದ್ದೆ," ಎಂದ.