ಮಣಿಕಟ್ಟಿನಷ್ಟು ಗುಂಡಗೆ

ನಾಲ್ಕನೇ ಮಂಚದ ಸರಳು ಒರೆಸುತ್ತಿದ್ದ ಬಟ್ಟೆಗೆ ಬಿಳಿ ಎಳೆಯೊಂದು ಅಂಟಿಕೊಂಡು ಬಂತು, ಉಣ್ಣೆಯದು, ತಾನೇ ಹೊಸೆದದ್ದು, ದೆನಿತ್ಸಾ ಅದನ್ನು ಬಕೆಟ್ಟಿಗೆ ಬಿಡಲಾರದೆ ಬೆರಳಿಗೆ ಸುತ್ತಿಕೊಂಡಳು, ಬಾಣಂತಿ ಇವೆಲಿನಾ ಇಲ್ಲಿ ಮಲಗಿದ್ದದ್ದು ನಿನ್ನೆ — ನಿನ್ನೆ ಅಲ್ಲ, ಇವತ್ತು ಬೆಳಿಗ್ಗೆ, ಮಾರ್ಚ್ ಒಂದು ಇನ್ನೂ ಮುಗಿದಿಲ್ಲ, ಹೆರಿಗೆ ವಾರ್ಡಿನ ಹತ್ತೂ ಬಾಣಂತಿಯರ ಕೈಯಲ್ಲಿ ದೆನಿತ್ಸಾ ಕಟ್ಟಿದ ಕೆಂಪು ಬಿಳಿ ಮಾರ್ತೆನಿತ್ಸ ಇದೆ, ಮಾರ್ಚ್ ಒಂದಕ್ಕೆ ಕಟ್ಟುವ ಹಾರೈಕೆಯ ದಾರ, ಕೊಕ್ಕರೆ ಕಾಣೋವರೆಗೂ ಬಿಚ್ಚಬೇಡಿ, ಆರೋಗ್ಯವಾಗಿರಿ, ಅಷ್ಟು ಹೇಳುವುದಕ್ಕೇ ಅವಳ ಕಿವಿ ಬಿಸಿಯಾಗಿತ್ತು. ಇವೆಲಿನಾ ನಕ್ಕಳು, ಕೈ ಚಾಚಿದಳು, ಆ ಕೈಯಲ್ಲಿ ಮೊದಲೇ ಒಂದು ಕೆಂಪು ಬಟ್ಟೆಪಟ್ಟಿ, ಪೆನ್ಸಿಲಿನ್ ಒಗ್ಗದವರಿಗೆ ಈ ವಾರ್ಡಿನಲ್ಲಿ ಕಟ್ಟುವುದು, ಸೂಲಗಿತ್ತಿ ಗಿಂಕಾ ಅಕ್ಕನೇ ಶುರು ಮಾಡಿದ ಪದ್ಧತಿ, ಕಾಗದದ ಮೇಲಿನ ಶಾಯಿ ಅಳಿಯುತ್ತೆ ಕಣೇ, ಕೆಂಪು ಅಳಿಯಲ್ಲ, ಅನ್ನುತ್ತಿದ್ದಳು. ನೆಂದು ಕಚ್ತಾ ಇದೆ ಪುಟ್ಟಿ, ಇದನ್ನ ತೆಗೆದು ನಿಂದು ಕಟ್ಟು, ಅಂದಳು ಇವೆಲಿನಾ. ದೆನಿತ್ಸಾ ಬೇಡ ಅನ್ನಬೇಕಿತ್ತು, ಬೇಡ ಅನ್ನುವುದು ಅವಳ ಬಾಯಿಗೆ ಯಾವತ್ತು ಬಂದಿದೆ, ಗಂಟು ಬಿಚ್ಚದೆ ಹಾಗೇ ಜಾರಿಸಿ ತೆಗೆದಳು, ತನ್ನ ದಾರ ಕಟ್ಟಿದಳು, ಒಣಗಿದ ಪಟ್ಟಿ ತಂದು ಆಮೇಲೆ ಕಟ್ಟಿದರಾಯಿತು, ಅಷ್ಟರಲ್ಲಿ ಪಕ್ಕದ ಕೋಣೆಯಿಂದ ಕೂಗು, ಬಕೆಟ್, ನೆಲದ ಮೇಲೆ ನೀರು, ರಕ್ತ, ಎರಡು ಹೆರಿಗೆ ಒಟ್ಟಿಗೆ, ಏಪ್ರನ್ ಜೇಬಿನಲ್ಲಿ ಪಟ್ಟಿ ಗುಂಡಗೆ.

ಒಂದು ಕ್ಷಣ ನಿಂತಿದ್ದರೆ — ನಿಲ್ಲಲಿಲ್ಲ. ನಾಲ್ಕನೇ ಮಂಚಕ್ಕೆ ಜ್ವರ, ಪೆನ್ಸಿಲಿನ್ ಇಂಜೆಕ್ಷನ್ ಕೊಟ್ಟುಬಿಡಿ ಎಂದು ಡಾಕ್ಟರ್ ಓಡುತ್ತಲೇ ಹೇಳಿದರು, ಕೇಸ್ ಹಾಳೆ ಅವರ ಮೇಜಿನ ಮೇಲೇ ಉಳಿದಿತ್ತು, ಗಿಂಕಾ ಅಕ್ಕ ಸಿರಿಂಜು ಹಿಡಿದು ಬಂದಳು, ಕೈ ಎತ್ತಿ ನೋಡಿದಳು, ನೋಡಿದಳು, ಬಾಗಿಲಲ್ಲಿ ನಿಂತ ದೆನಿತ್ಸಾ ಕಣ್ಣಾರೆ ಕಂಡಿದ್ದಾಳೆ, ಓಹೋ ನಿಂಗೂ ಕಟ್ಟಿದಾಳಾ ನಮ್ಮ ಮೂಗಿ, ಈ ವರ್ಷ ಎಲ್ಲರಿಗೂ ಆರೋಗ್ಯ ಹಂಚ್ತಾಳೆ ಬಿಡು, ಅಂದಳು, ನಿದ್ದೆಗಣ್ಣಿನ ಇವೆಲಿನಾ ನಕ್ಕಳು, ನಕ್ಕ ತುಟಿ ಹಾಗೇ ಊದಿತು, ಕುತ್ತಿಗೆ ಕೆಂಪಾಯಿತು, ಉಸಿರು ಶಿಳ್ಳೆಯಂತೆ. ಆಂಬುಲೆನ್ಸು ಹೋಗಿ ಮೂರು ಗಂಟೆಯಾಯಿತು. ದೊಡ್ಡಾಸ್ಪತ್ರೆಯಿಂದ ಫೋನು, ಇನ್ನೂ ಉಸಿರಾಟದ ಯಂತ್ರದ ಮೇಲೇ ಇದಾಳೆ, ನೋಡೋಣ. ಆಚೆ ಕೋಣೆಯಲ್ಲಿ ಅವಳ ಮಗು ಅಳುತ್ತಿದೆ, ಬಾಟಲಿ ಕೊಟ್ಟರೂ ಅಳು ನಿಲ್ಲಿಸುತ್ತಿಲ್ಲ.

ಇಪ್ಪತ್ತೆಂಟು ವರ್ಷ ಸರ್ವೀಸಿನ ಕಣ್ಣಿಗೆ ಪೊರೆ ಬಂತಾ ಗಿಂಕಾ, ಕೆಂಪು ಪಟ್ಟಿ ಮಾಡಿದವಳಿಗೇ ಕೆಂಪು ಪಟ್ಟಿ ಕಾಣಲಿಲ್ವಾ, ಮುಖ್ಯ ಸೂಲಗಿತ್ತಿ ತೊಡೊರೊವಾ ಎಲ್ಲರೆದುರು ಅಂದದ್ದು, ಗಿಂಕಾ ಅಕ್ಕ ತಲೆ ಎತ್ತಲಿಲ್ಲ, ಎಲ್ಲರ ಕೈಯಲ್ಲೂ ಕೆಂಪಿತ್ತು ಮೇಡಂ, ಕಾಣಲಿಲ್ಲ, ಬಾಯಿಬಿಟ್ಟು ಕೇಳಬೇಕಿತ್ತು, ಕೇಳಲಿಲ್ಲ, ತಪ್ಪು ನಂದೇ. ಕಾಣಲಿಲ್ಲ ಎಂದಳು, ಇದ್ದೇ ಇರಲಿಲ್ಲವಲ್ಲ ಅಕ್ಕ, ಇದ್ದದ್ದು ಇಲ್ಲಿ, ಜೇಬಿನಲ್ಲಿ. ನೆಲ ಒರೆಸುವವಳನ್ನು ಯಾರು ಕೇಳುತ್ತಾರೆ, ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವಳನ್ನು, ಕೇಳದಿದ್ದರೆ ಹೇಳಬೇಕಾಗಿಯೂ ಇಲ್ಲ, ಈ ಕೆಲಸ ಕೊಡಿಸಿದವಳೂ ಗಿಂಕಾ ಅಕ್ಕನೇ, ಮಾತು ಕಮ್ಮಿ, ಕಣ್ಣು ಚುರುಕು, ಇರಲಿ ಮೇಡಂ ಅಂದಿದ್ದಳು. ದೆನಿತ್ಸಾ ಬಕೆಟ್ ಕೆಳಗಿಟ್ಟಳು. ಕಾಲು ತಾವಾಗಿಯೇ ನಡೆದವು, ದಾದಿಯರ ಕೋಣೆ, ಕಿಟಕಿಯ ಬಿಸಿಲು, ತಣ್ಣಗಾದ ಕಾಫಿ, ಗಿಂಕಾ ಅಕ್ಕ ಬಗ್ಗಿ ಹೇಳಿಕೆ ಬರೆಯುತ್ತಿದ್ದಾಳೆ, ಬರೆಯುವ ಕೈಯಲ್ಲೂ ದೆನಿತ್ಸಾ ಕಟ್ಟಿದ ಮಾರ್ತೆನಿತ್ಸ, ಸಾಲಿನ ಮೇಲೆ ಸಾಲಾಗಿ ಸರಿಯುತ್ತಿದೆ. ದೆನಿತ್ಸಾ ಜೇಬಿನಿಂದ ಪಟ್ಟಿಯನ್ನು ತೆಗೆದು ಕಾಗದದ ಪಕ್ಕ ಇಟ್ಟಳು. ಪೆನ್ನು ನಿಂತಿತು. ಒಣಗಿ ಬಿರುಸಾಗಿದೆ, ಬಿಚ್ಚದ ಗಂಟು ಹಾಗೇ ಇದೆ, ಒಂದು ಮಣಿಕಟ್ಟಿನಷ್ಟು ಗುಂಡಗೆ, ಒಳಗೆ ಯಾರ ಕೈಯೂ ಇಲ್ಲ, ಕೆಂಪು, ಗುಂಡಗೆ —

ಅಕ್ಕ, ನನ್ನ ಹೆಸರೂ ಬರೀರಿ.