ಡ್ರಮ್ಮಿನ ಹಿಂದೆ ಬಂದ ಬಸ್ಸು

ಶಾಲೆಯ ಬ್ಯಾಂಡಿಗೆ ಸೇರಲು ಹೆಸರು ಕೊಡುವ ದಿನವೇ ಅವಳಿಗೆ ಹಲ್ಲುನೋವು. ದವಡೆ ಊದಿಸಿಕೊಂಡು ಮನೆಯಲ್ಲಿ ಮಲಗಿದ್ದಳು. ಮರುದಿನ ಹೈಸ್ಕೂಲಿನ ವಾದ್ಯದ ಕೋಣೆಗೆ ಓಡಿ ಹೋಗುವಷ್ಟರಲ್ಲಿ ಕೊಳಲುಗಳು ಖಾಲಿ, ಕ್ಲಾರಿನೆಟ್ಟುಗಳು ಖಾಲಿ, ಕಹಳೆಗಳಿಗಂತೂ ಕೈಕೈ ಮಿಲಾಯಿಸಿ ಜಗಳವೇ ಆಗಿತ್ತಂತೆ. ಉಳಿದದ್ದು ಎರಡೇ. ಗೋಡೆಯ ಮೊಳೆಗೆ ನೇತುಹಾಕಿದ್ದ, ಕಡ್ಡಿಯಿಂದ ತಟ್ಟುವ ಮೂರು ಮೂಲೆಯ ಒಂದು ಟ್ರಯಾಂಗಲ್ಲು, ಅದರ ಕೆಳಗೆ ಧೂಳು ಹೊದ್ದು ಕೂತಿದ್ದ ದೊಡ್ಡ ಡ್ರಮ್ಮು.

ಬ್ಯಾಂಡ್ ಮೇಷ್ಟ್ರು ಅಸಲಿಗೆ ಭೂಗೋಳದ ಮೇಷ್ಟ್ರು. ಯಾವುದೋ ಕಾಲದಲ್ಲಿ ಕಹಳೆ ಊದಿದ್ದೆ ಎಂದು ಬಾಯಿತಪ್ಪಿ ಹೇಳಿದ್ದಕ್ಕೆ ಬ್ಯಾಂಡು ಅವರ ಕೊರಳಿಗೆ ಬಿದ್ದಿತ್ತು. ಅವರು ಅವಳನ್ನೊಮ್ಮೆ, ಡ್ರಮ್ಮನ್ನೊಮ್ಮೆ ನೋಡಿ, ಟ್ರಯಾಂಗಲ್ಲನ್ನು ಮೊಳೆಯಿಂದ ಬಿಡಿಸಿಕೊಟ್ಟರು. ಶಾಲೆಯಲ್ಲಿ ಅವಳಿಗೆ ಸಾಸಿವೆ ಎಂದೇ ಹೆಸರು. ಒಂಬತ್ತನೇ ತರಗತಿಗೆ ಬಂದರೂ ಐದನೆಯದರ ಹುಡುಗಿಯಷ್ಟೇ ಇದ್ದಳು. ಬಿಸಿ ತಾಗಿದರೆ ಸಿಡಿಯುವುದರಲ್ಲೂ ಸಾಸಿವೆಯೇ.

"ಇದು ಬೇಡ ಸರ್. ಅದು ಕೊಡಿ" ಎಂದಳು.

"ಅದು ನಿನಗಿಂತ ದೊಡ್ಡದಿದೆಯಲ್ಲಮ್ಮ."

"ಇರ್ಲಿ ಬಿಡಿ ಸರ್. ನಾನೇನು ಅದರ ಒಳಗೆ ಕೂರಬೇಕಾ?"

ಮೇಷ್ಟ್ರು ಟ್ರಯಾಂಗಲ್ಲನ್ನು ಮತ್ತೆ ಮೊಳೆಗೆ ಹಾಕಿದರು. ಡ್ರಮ್ಮು ಅವಳದಾಯಿತು.

ಅದನ್ನು ಎದೆಗೆ ಕಟ್ಟಿಕೊಂಡು ನಿಂತರೆ ಮುಂದಿನಿಂದ ನೋಡುವವರಿಗೆ ಎರಡು ಕಾಲು, ಒಂದು ಡ್ರಮ್ಮು, ಮೇಲೊಂದು ಬೈತಲೆ ಮಾತ್ರ ಕಾಣುತ್ತಿತ್ತು. ಅವಳಿಗೆ ಕಾಣುತ್ತಿದ್ದದ್ದು ಎಡಪಕ್ಕ, ಬಲಪಕ್ಕ ಮತ್ತು ಆಕಾಶ. ಮುಂದೆ ಏನಿದೆ ಎಂಬುದು ದೇವರಿಗೇ ಗೊತ್ತು. ಅದಕ್ಕೆ ಮೇಷ್ಟ್ರು ಒಂದು ಉಪಾಯ ಮಾಡಿದರು. ಅವಳ ಪಕ್ಕದಲ್ಲಿ, ಉದ್ದ ಕೊಳವೆಯನ್ನು ಹಿಂದೆ ಮುಂದೆ ಜಾರಿಸುತ್ತ ಟ್ರೊಂಬೋನ್ ಊದುವ ಹುಡುಗನನ್ನು ನಿಲ್ಲಿಸಿದರು. ಅವನಿಗೆ ಏಣಿ ಎಂದು ಹೆಸರು. ಅಟ್ಟದ ಮೇಲಿನ ಡಬ್ಬಿ ಇಳಿಸಲು ಅವನಿದ್ದರೆ ಸ್ಟೂಲು ಬೇಡ. ಎಡಕ್ಕೆ ತಿರುಗಬೇಕಾದರೆ ಅವನು ಅವಳಿಗೆ ಒಂದು ಸಲ ಮೊಣಕೈ ತಾಗಿಸಬೇಕು, ಬಲಕ್ಕಾದರೆ ಎರಡು ಸಲ. ಏಣಿ ಒಳ್ಳೆಯ ಹುಡುಗ. ಮೈದಾನದಲ್ಲಿ ಒಂದು ದಿನವೂ ತಪ್ಪು ಮಾಡಲಿಲ್ಲ.

ಮೇಷ್ಟ್ರು ಎಲ್ಲರಿಗೂ ದಿನಾ ಹೇಳುತ್ತಿದ್ದದ್ದು ಒಂದೇ ಮಾತು, ಏನೇ ಆಗಲಿ, ಟೋಪಿ ಬೀಳಲಿ, ಬೂಟು ಕಳಚಲಿ, ಮೆರವಣಿಗೆಯಲ್ಲಿ ನಿಲ್ಲಕೂಡದು. ಸಾಸಿವೆಗೆ ಮಾತ್ರ ಇನ್ನೊಂದು ಮಾತು ಹೆಚ್ಚಿಗೆ: ಮೆಲ್ಲಗೆ ಬಾರಿಸು. ಅವಳು ತಲೆಯಾಡಿಸುತ್ತಿದ್ದಳು. ಕೋಲು ಕೈಗೆ ಬಂದರೆ ತಲೆಯಾಡಿಸಿದ್ದು ಮರೆತುಹೋಗುತ್ತಿತ್ತು. ಪ್ರಯೋಗಶಾಲೆಯ ಕಪಾಟಿನಲ್ಲಿ ಗಾಜಿನ ಸೀಸೆಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎನ್ನುತ್ತಿದ್ದವು.

ಮನೆಯಲ್ಲಿ ಅವಳು ದಿಂಬಿನ ಮೇಲೆ ಅಭ್ಯಾಸ ಮಾಡುತ್ತಿದ್ದಳು. ಅಮ್ಮ ಹೊಲಿಗೆಯವಳು; ಹಳೆಯ ಬ್ಯಾಂಡಿನ ಕೋಟನ್ನು ಮೊಣಕಾಲಿನಿಂದ ಸೊಂಟಕ್ಕೆ ತರಲು ಅವಳು ಕತ್ತರಿಸಿದ ಬಟ್ಟೆಯಲ್ಲಿ ಇನ್ನೊಂದು ಕೋಟು ಆಗುತ್ತಿತ್ತು. ಅಮ್ಮನ ಅಮ್ಮನಿಗೆ, ಅಂದರೆ ಅಜ್ಜಿಗೆ, ಕಿವಿ ಮಂದ. ಶಾಲೆಯವರು ಒಂದು ಭಾನುವಾರಕ್ಕೆ ಡ್ರಮ್ಮನ್ನು ಮನೆಗೆ ಕೊಟ್ಟಾಗ ಅಜ್ಜಿ ಅದರ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು ಕೂತಳು. ಈ ಮನೆಯಲ್ಲಿ ಬಾಯಿಬಿಟ್ಟು ಮಾತಾಡುವುದು ಇದೊಂದೇ, ಮಿಕ್ಕವರೆಲ್ಲ ಗೊಣಗುತ್ತಾರೆ ಎಂದು ತೀರ್ಪು ಕೊಟ್ಟಳು.

ಅಪ್ಪ ಸಿಟಿ ಬಸ್ಸಿನ ಡ್ರೈವರ್. ಅವನು ಮಗಳು ಕೋಣೆಯ ಉದ್ದಕ್ಕೂ ಕವಾಯತು ಮಾಡುವುದನ್ನು ನೋಡಿ, ಎಡಗಾಲನ್ನು ಹೀಗೆ ಎತ್ತಿ ಎಸೆಯುವುದು ಇಡೀ ಲೋಕದಲ್ಲಿ ಇಬ್ಬರೇ, ಒಬ್ಬಳು ಇವಳು, ಇನ್ನೊಬ್ಬರು ನಿಮ್ಮಮ್ಮ ಎಂದು ಹೆಂಡತಿಗೆ ಹೇಳಿದ. ಅತ್ತೆಗೆ ಕೇಳಿಸುವುದಿಲ್ಲ ಎಂಬ ಧೈರ್ಯ. ಆದರೆ ಅದೊಂದು ಮಾತು ಮಾತ್ರ ಹೇಗೋ ಕೇಳಿಸಿ, ಎರಡು ದಿನ ಅಜ್ಜಿ ಅಳಿಯನ ಜೊತೆ ಮಾತು ಬಿಟ್ಟಳು.

ಊರಿನ ಹೊಸ ಗ್ರಂಥಾಲಯದ ಉದ್ಘಾಟನೆಗೆ ಶಾಲೆಯ ಬ್ಯಾಂಡನ್ನು ಕರೆದರು. ಸದ್ದು ಮಾಡಬೇಡಿ ಎಂದು ಬೋರ್ಡು ಹಾಕುವ ಜಾಗಕ್ಕೆ ಬ್ಯಾಂಡು ಯಾಕೆ ಎಂದು ಯಾರೂ ಕೇಳಲಿಲ್ಲ. ಅಪ್ಪನಿಗೆ ಅಂದು ಬೆಳಗಿನ ಪಾಳಿ. ಬದಲಿಗೆ ಬರುವವರನ್ನು ಹುಡುಕಿದ, ಯಾರೂ ಸಿಗಲಿಲ್ಲ. ಅಮ್ಮ ಹೋಗಿ ನೋಡಿ ಬಂದು ಹೇಳುವುದು ಎಂದಾಯಿತು.

ಮೆರವಣಿಗೆ ಶಾಲೆಯ ಗೇಟಿನಿಂದ ಚೆನ್ನಾಗಿಯೇ ಹೊರಟಿತು. ಎಲ್ಲರಿಗಿಂತ ಮುಂದೆ ಮೇಷ್ಟ್ರು, ಕೈಯಲ್ಲಿ ಬೆಳ್ಳಿಬಣ್ಣದ ಕೋಲು. ಅವರ ಹಿಂದೆ ಕೊಳಲು, ಕ್ಲಾರಿನೆಟ್ಟು, ಕಹಳೆ. ಆಮೇಲೆ ಸಾಸಿವೆ ಮತ್ತು ಏಣಿ. ಅವರ ಬೆನ್ನಿಗೆ ಹಿತ್ತಾಳೆ ತಟ್ಟೆ ಬಡಿಯುವವರು, ಮಿಕ್ಕ ಟ್ರೊಂಬೋನುಗಳು, ಕೊನೆಯಲ್ಲಿ ಮೈಗೆ ಸುತ್ತಿಕೊಂಡು ಊದುವ ಭಾರೀ ಟ್ಯೂಬಾ. ಗಡಿಯಾರದ ಕಂಬದ ಹತ್ತಿರ ಎಡಕ್ಕೆ ತಿರುಗಿ ದೊಡ್ಡ ಬೀದಿ ಹಿಡಿದರೆ ನೇರ ಗ್ರಂಥಾಲಯ.

ಅಂದು ಎಲ್ಲರಿಗೂ ಹಳೆಯ ಬ್ಯಾಂಡಿನ ಟೋಪಿ ಹಂಚಿದ್ದರು. ಏಣಿಗೆ ಸಿಕ್ಕಿದ್ದು ಯಾರೋ ಕುಂಬಳಕಾಯಿ ತಲೆಯವನ ಟೋಪಿ. ಗಡಿಯಾರದ ಕಂಬದ ಬಳಿ ಅವನು ಮೇಲಿನ ಸ್ವರಕ್ಕೆ ಕತ್ತು ಎತ್ತಿದ್ದೇ ತಡ, ಟೋಪಿ ಜಾರಿ ಮೂಗಿನ ತನಕ ಇಳಿಯಿತು. ಎರಡು ಕೈಯೂ ಟ್ರೊಂಬೋನಿನಲ್ಲಿ. ಮೇಷ್ಟ್ರ ಮಾತು ಕಿವಿಯಲ್ಲಿ: ನಿಲ್ಲಕೂಡದು. ಅವನು ಕತ್ತಲಲ್ಲೇ ಊದುತ್ತ ನಡೆದ. ಮೊಣಕೈ ತಾಗಲಿಲ್ಲ. ಕಹಳೆಗಳು ಎಡಕ್ಕೆ ಹೋದವು. ಡ್ರಮ್ಮು ನೇರ ಹೋಯಿತು. ಹಿಂದಿನವರಿಗೆ ಡ್ರಮ್ಮೇ ದಿಕ್ಕು. ಅವರೂ ನೇರ ಹೋದರು.

ಮುಂದೆ ಹೋಗುತ್ತಿದ್ದ ಮೇಷ್ಟ್ರಿಗೆ ಡ್ರಮ್ಮಿನ ಸದ್ದು ತಗ್ಗಿದ್ದು ಗೊತ್ತಾಯಿತು. ಹಿಂದಿರುಗಿ ನೋಡಲಿಲ್ಲ. ಇಷ್ಟು ತಿಂಗಳು ಬಡಕೊಂಡದ್ದು ಕಡೆಗೂ ಹುಡುಗಿಯ ತಲೆಗೆ ಹೋಯಿತಲ್ಲ ಎಂದು ಅವರ ಎದೆ ಉಬ್ಬಿತು. ಸದ್ದು ಇನ್ನೂ ತಗ್ಗಿತು. ಶಹಭಾಸ್ ಎಂದುಕೊಂಡರು. ಅವರ ಬೆನ್ನ ಹಿಂದೆ ಲಯ ಹಿಡಿಯುವವರಿಲ್ಲದೆ ಕೊಳಲಿನ ಹುಡುಗಿಯರು ಒಬ್ಬರನ್ನೊಬ್ಬರು ಹಿಂದೆ ಹಾಕುತ್ತ, ಗಂಭೀರವಾದ ನಡೆಯ ರಾಗವನ್ನು ಬಸ್ಸು ತಪ್ಪಿಹೋಗುವವರ ಓಟಕ್ಕೆ ತಂದಿದ್ದರು. ಗ್ರಂಥಾಲಯದ ಮುಂದೆ ಎಲ್ಲರೂ ಏದುಸಿರು ಬಿಡುತ್ತ ನಿಂತಾಗ ಅತಿಥಿಗಳ ಕುರ್ಚಿಗೆ ಇನ್ನೂ ಬಟ್ಟೆ ಹೊದಿಸುತ್ತಿದ್ದರು. ಮೇಷ್ಟ್ರು ಮುಗುಳ್ನಗುತ್ತ ತಿರುಗಿ ನೋಡಿದರು. ತಲೆ ಇತ್ತು, ಬಾಲ ಇರಲಿಲ್ಲ.

ಬಾಲ ಆಗ ಗ್ಯಾರೇಜುಗಳ ಬೀದಿಯಲ್ಲಿತ್ತು. ಆ ಬೀದಿಯಲ್ಲಿ ಎರಡೂ ಬದಿಗೆ ಬಿಚ್ಚಿಟ್ಟ ಸ್ಕೂಟರುಗಳು, ಟೈರಿನ ರಾಶಿ. ನಡುವೆ ಒಂದು ಬಸ್ಸು ಹೋಗುವಷ್ಟೇ ಜಾಗ. ಮುಂದಿನಿಂದ ರಾಗ ಕೇಳದಿದ್ದಾಗ ಸಾಸಿವೆ ಪಾಪ, ಮುಂದಿನವರು ಸುಸ್ತಾಗಿರಬೇಕು ಎಂದುಕೊಂಡು ಅವರಿಗೆ ಹುರುಪು ಬರಲೆಂದು ಇನ್ನೂ ಜೋರಾಗಿ ಬಾರಿಸಿದಳು. ಮೆಕ್ಯಾನಿಕ್ಕುಗಳು ಕಾರಿನ ಕೆಳಗಿನಿಂದ ತೆವಳಿ ಬಂದು, ಇದು ಯಾವ ಮೆರವಣಿಗೆ ಎಂದು ಒಬ್ಬರನ್ನೊಬ್ಬರು ಕೇಳಿಕೊಂಡರು. ರಾಗವೇ ಇಲ್ಲದ, ಬರೀ ಢಂ ಢಂ, ಭೋಂ ಭೋಂ.

ಏಣಿ ಉಸಿರು ತೆಗೆದುಕೊಳ್ಳುವ ಸಮಯ ನೋಡಿ ಭುಜದಿಂದ ಟೋಪಿ ಮೇಲಕ್ಕೆ ತಳ್ಳಿದ. ಅವನ ಮುಂದೆ ಖಾಲಿ ರಸ್ತೆ, ದೂರದಲ್ಲಿ ಒಂದು ನಾಯಿ.

"ಸಾಸಿವೆ, ಮುಂದೆ ಯಾರೂ ಇಲ್ಲ ಕಣೇ."

"ಯಾರೂ ಇಲ್ಲ ಅಂದ್ರೆ?"

"ನಾವೇ ಮುಂದೆ."

ಅವಳ ಕೈ ಒಂದು ಪೆಟ್ಟು ತಪ್ಪಿತು. ಇದೆಲ್ಲ ನನ್ನಿಂದಲೇ, ಟ್ರಯಾಂಗಲ್ಲು ತೆಗೆದುಕೊಂಡಿದ್ದರೆ ದಾರಿ ತಪ್ಪಿದರೂ ನಾನೊಬ್ಬಳೇ ತಪ್ಪುತ್ತಿದ್ದೆ, ಈಗ ಅರ್ಧ ಬ್ಯಾಂಡನ್ನೇ ಎಳೆದುಕೊಂಡು ಬಂದೆನಲ್ಲ ಎಂದು ಕಣ್ಣು ತುಂಬಿತು. ಒರೆಸಿಕೊಳ್ಳಲು ಕೈ ಬಿಡುವಿಲ್ಲ. ಹಿಂದೆ ತಿರುಗೋಣ ಎಂದಳು. ಅಷ್ಟರಲ್ಲಿ ಬೆನ್ನ ಹಿಂದೆ ದೊಡ್ಡ ಹಾರನ್ನು ಕೇಳಿತು. ಮೊದಲು ಅವಳು ಅದನ್ನು ಟ್ಯೂಬಾದವನ ಅಪಸ್ವರ ಎಂದುಕೊಂಡಳು.

ಅದು ಅಪ್ಪನ ಬಸ್ಸು. ಉದ್ಘಾಟನೆಗೆಂದು ದೊಡ್ಡ ಬೀದಿ ಮುಚ್ಚಿ, ಬಸ್ಸುಗಳನ್ನೆಲ್ಲ ಗ್ಯಾರೇಜುಗಳ ಬೀದಿಗೆ ತಿರುಗಿಸಿದ್ದರು. ಮುಂದೆ ಯಾರೋ ಮಕ್ಕಳು ರಸ್ತೆ ತುಂಬ ನಡೆಯುವುದನ್ನು ಕಂಡು ಅಪ್ಪ ಹಾರನ್ನು ಒತ್ತಿದ್ದ. ಮುಂದಿನ ಸೀಟಿನಲ್ಲಿದ್ದ ಕನ್ನಡಕದ ಮನುಷ್ಯ ಇನ್ನೊಂದು ಸಲ ಹಾರನ್ನು ಒತ್ರೀ, ನನಗೆ ತಡವಾಗುತ್ತಿದೆ ಎಂದು ಅಪ್ಪನನ್ನು ಅವಸರಪಡಿಸಿದ. ಅಪ್ಪನ ಕೈ ಹಾರನ್ನಿನ ಮೇಲೆಯೇ ನಿಂತಿತು. ಟ್ಯೂಬಾದ ಆಚೆ, ಸಾಲಿನ ಮುಂದೆ, ಒಂದು ಎಡಗಾಲು ಎತ್ತಿ ಎತ್ತಿ ಎಸೆಯುತ್ತಿತ್ತು. ಅತ್ತೆ ಮನೆಯಲ್ಲಿದ್ದಾರೆ, ಅಂದಮೇಲೆ ಇದು ಮಗಳೇ.

ಗ್ರಂಥಾಲಯ ಎಲ್ಲಿ, ಇವಳು ಹೊರಟದ್ದೆಲ್ಲಿ ಎಂಬುದು ಊರಿನ ಬೀದಿಗಳನ್ನು ಅಂಗೈಯಂತೆ ಬಲ್ಲ ಅವನಿಗೆ ಕೂಡಲೇ ಅರ್ಥವಾಯಿತು. ಹಿಂದೆ ತಿರುಗಲು ಬಸ್ಸಿಗೂ ಜಾಗವಿಲ್ಲ, ಮಕ್ಕಳಿಗೂ ಜಾಗವಿಲ್ಲ. ಬಸ್ಸು ಯಾವ ಕಡೆಗೆ ಎಂದು ನಿಲ್ದಾಣದಲ್ಲಿ ನಿಂತವರಿಗೆ ಕೇಳಿಸಲು ಬಸ್ಸಿನ ಹೊರಗೆ ಒಂದು ಸ್ಪೀಕರ್ ಇತ್ತು. ಅಪ್ಪ ಮೈಕನ್ನು ಬಾಯಿಯ ಹತ್ತಿರ ಎಳೆದುಕೊಂಡ.

"ಮಗಳೇ, ನಾನು ಅಪ್ಪ. ಹೆದರಬೇಡ. ನಿಲ್ಲಿಸಬೇಡ, ಹೀಗೇ ನಡಿ."

ಇಡೀ ಬೀದಿ ಕೇಳಿತು. ಸಾಸಿವೆಗೆ ತಿರುಗಿ ನೋಡಲಾಗಲಿಲ್ಲ. ಆದರೆ ಕೋಲು ತಾನಾಗಿ ಲಯಕ್ಕೆ ಬಂತು.

"ಬಲಗಡೆ ಗುಂಡಿ ಇದೆ, ಸ್ವಲ್ಪ ಎಡಕ್ಕೆ ಬಾ. ಹಾಂ, ಸಾಕು. ಮುಂದೆ ಟೈರಿನ ಅಂಗಡಿ ಆದಮೇಲೆ ಎಡಕ್ಕೆ ತಿರುಗಬೇಕು. ನಾನು ಹೇಳ್ತೀನಿ."

ಬಸ್ಸು ನಡಿಗೆಯ ವೇಗದಲ್ಲಿ ಹಿಂದೆ ಬಂತು. ಪ್ರಯಾಣಿಕರು ಮೊದಲು ಗೊಣಗಿದರು. ಆಮೇಲೆ ಕಿಟಕಿಗಳಿಂದ ತಲೆಗಳು ಹೊರಬಂದವು. ಡ್ರೈವರಿಗೆ ಗುಂಡಿ ಕಾಣದೇ ಹೋದಾಗ ಅವರೇ ಕೂಗಿ ಹೇಳತೊಡಗಿದರು. ತಿರುವಿನಲ್ಲಿ ಸೈಕಲ್ಲುಗಳು ಅಡ್ಡ ನಿಂತಿದ್ದಾಗ, ತಡವಾಗುತ್ತಿದೆ ಎಂದಿದ್ದ ಕನ್ನಡಕದ ಮನುಷ್ಯನೇ ಇಳಿದು ಹೋಗಿ ಒಂದೊಂದಾಗಿ ಸರಿಸಿ, ಮತ್ತೆ ಬಸ್ಸು ಹತ್ತದೆ ಟ್ರೊಂಬೋನುಗಳ ಪಕ್ಕದಲ್ಲೇ ನಡೆದ.

ಗ್ರಂಥಾಲಯದ ಮುಂದೆ ನಗರಸಭೆಯ ಅಧ್ಯಕ್ಷೆ, ಮೌನವೆಂಬುದು ಹೇಗೆ ಜ್ಞಾನದ ತಾಯಿ ಎಂದು ಭಾಷಣ ಮಾಡುತ್ತಿದ್ದರು. ಕಟ್ಟಡದ ಹಿಂದಿನಿಂದ ಢಂ ಎಂದಿತು. ಅವರು ತಡೆದು, ಮುಂದುವರಿಸಿದರು. ಮತ್ತೆ ಢಂ. ಅಷ್ಟರಲ್ಲಿ ಮೂಲೆಯಿಂದ ಡ್ರಮ್ಮು ಬಂತು, ತಟ್ಟೆಗಳು ಬಂದವು, ಟ್ಯೂಬಾ ಬಂತು, ಅದರ ಹಿಂದೆ ಜನ ತುಂಬಿದ ಒಂದು ಬಸ್ಸೂ ಬಂತು. ಮೇಷ್ಟ್ರು ಹೋದ ಪ್ರಾಣ ಬಂದವರಂತೆ ಕೋಲು ಎತ್ತಿದರು. ಕೊಳಲು ಕಹಳೆಗಳು ರಾಗಕ್ಕೆ ಸೇರಿಕೊಂಡವು. ಈ ಸಲ ಯಾರೂ ಓಡಲಿಲ್ಲ. ಭಾಷಣದ ಉಳಿದ ಹಾಳೆಗಳು ಅಧ್ಯಕ್ಷೆಯ ಕೈಯಲ್ಲೇ ಉಳಿದವು. ಜನ ಹೊಡೆದ ಚಪ್ಪಾಳೆಯಲ್ಲಿ ಭಾಷಣ ನಿಂತದ್ದಕ್ಕೆಷ್ಟು, ಬ್ಯಾಂಡಿಗೆಷ್ಟು ಎಂದು ಹೇಳುವುದು ಕಷ್ಟ. ಗುಂಪಿನಲ್ಲಿದ್ದ ಅಮ್ಮ, ಮಗಳನ್ನು ನೋಡಲೋ ಬಸ್ಸಿನಲ್ಲಿ ಕೂತ ಗಂಡನನ್ನು ನೋಡಲೋ ತಿಳಿಯದೆ ಅತ್ತಿತ್ತ ಕತ್ತು ತಿರುಗಿಸುತ್ತಿದ್ದಳು.

ಡಿಪೋದಲ್ಲಿ ಅಪ್ಪನಿಗೆ ಬೈಗುಳ ತಪ್ಪಲಿಲ್ಲ. ಮೈಕು ಮನೆಯ ಮಾತಿಗಲ್ಲ ಎಂದರು ಮೇಲಿನವರು. ದಾರಿಗೆ ಅಡ್ಡ ಬಂದವರನ್ನು ದಾರಿಗೆ ಹಚ್ಚಿದೆ, ಅಷ್ಟೇ ಎಂದು ಇವನು ವಾದಿಸಿದ. ಬೈಯುತ್ತ ಬೈಯುತ್ತ ಅವರಿಗೇ ನಗು ಬಂದು, ಹೋಗಯ್ಯ ಎಂದು ಕಳಿಸಿದರು. ಮೇಷ್ಟ್ರು ಯಾರನ್ನೂ ಬೈಯಲಿಲ್ಲ. ಅರ್ಧ ಊರು ದಾಟುವ ತನಕ ತಿರುಗಿ ನೋಡದಿದ್ದವರು ಯಾರನ್ನು ಬೈದಾರು?

ಪಾಳಿ ಮುಗಿಸಿ ಅಪ್ಪ ಶಾಲೆಗೆ ಬಂದಾಗ ಸಾಸಿವೆ ಡ್ರಮ್ಮನ್ನು ಕೋಣೆಗೆ ಸೇರಿಸಲು ಹೊರಟಿದ್ದಳು. ಅವನು ಅದನ್ನು ಕೇಳಿ ಇಸಿದುಕೊಂಡು ತಾನೇ ಕೊರಳಿಗೆ ಹಾಕಿಕೊಂಡ. ಪಟ್ಟಿ ಅವಳ ಅಳತೆಗೆ ಬಿಗಿದಿತ್ತು. ಡ್ರಮ್ಮು ಅವನ ಗದ್ದದ ತನಕ ಬಂತು. ಒಂದು ಹೆಜ್ಜೆ ಇಟ್ಟ, ಮೆಟ್ಟಿಲು ಎಲ್ಲಿದೆಯೆಂದು ಕಾಣದೆ ನಿಂತ.

"ಇಷ್ಟು ಭಾರನಾ ಇದು?"

"ಆಮೇಲೆ ಅಭ್ಯಾಸ ಆಗತ್ತೆ ಅಪ್ಪ."

"ಏನೂ ಕಾಣ್ಸಲ್ವಲ್ಲೇ."

ಅವನು ಬೆವರು ಒರೆಸಿಕೊಂಡ. ಬಿಚ್ಚಿಕೊಡುತ್ತಾನೆಂದು ಅವಳು ಕೈ ಚಾಚಿದಳು. ಬಿಚ್ಚಲಿಲ್ಲ. ಒಂದು ಸಲ ಬಾರಿಸಿ ನೋಡಲಾ ಎಂದು ಮೆಲ್ಲಗೆ ಕೇಳಿದ. ಅವಳು ಅತ್ತಿತ್ತ ನೋಡಿ, ಮೇಷ್ಟ್ರು ಇನ್ನೂ ಸ್ಟಾಫ್ ರೂಮಿನಲ್ಲೇ ಇದ್ದಾರೆ, ಮೆಲ್ಲಗೆ ಬಾರಿಸು ಎಂದು ಪಿಸುಗುಟ್ಟಿ, ಕೋಲನ್ನು ಅವನ ಕೈಗೆ ಕೊಟ್ಟಳು.