ಅಮ್ಮನ ಕರೆಗಂಟೆ

ಆಸ್ಪತ್ರೆಯ ಗೋಡೆಗಳಲ್ಲಿ ಪೈಪು, ವೈರು ಹಾಯುವ ತೂತುಗಳನ್ನು ಬೆಂಕಿ ದಾಟದಂತೆ ಮುಚ್ಚುವುದು ನನ್ನ ಕೆಲಸ. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ. ನಾನು ಬೆನ್ನು ತಿರುಗಿಸಿದರೆ ಸಾಕು, ಯಾರಾದರೂ ಕೊರೆದು ಹೊಸ ವೈರು ತೂರಿಸುತ್ತಾರೆ. ಇಂದು ಅಮ್ಮ ಮಲಗಿರುವ ವಾರ್ಡಿನಲ್ಲಿ ಏಣಿ ಹತ್ತಿ ಫಾಲ್ಸ್ ಸೀಲಿಂಗಿನ ಹಲಗೆ ಸರಿಸಿದೆ. ನಿನ್ನೆ ಮುಚ್ಚಿದ ಜಾಗದಲ್ಲಿ ಮುಷ್ಟಿ ತೂರುವಷ್ಟು ತೂತು!

“ಯಾವನ್ರೀ ಇದನ್ನ ಕೊರೆದೋನು?” ಎಂದು ಕೂಗಾಡಿದೆ.

“ನಾನೇ,” ಎಂದ ಕೆಳಗೆ ನಿಂತಿದ್ದ ಎಲೆಕ್ಟ್ರಿಷಿಯನ್. “ನರ್ಸ್‌ನ ಕರೆಯೋ ಅಮ್ಮನ ಗಂಟೆ ಹೊಡೀತಿಲ್ಲ ಅಂತ ಬೆಳಿಗ್ಗೆ ಜಗಳ ತೆಗೆದೋರು ನೀವೇ ಅಲ್ವಾ? ಅದಕ್ಕೇ ಹೊಸ ವೈರು ಎಳೆದೆ. ಈಗ ಮುಚ್ಚಬೇಡಿ, ಉಳಿದ ಹಾಸಿಗೆಗಳಿಗೂ ವೈರು ಎಳೀಬೇಕು. ಆಮೇಲೆ ನೋಡೋಣ.”

ಈ ಕಟ್ಟಡದಲ್ಲಿ ಆ ‘ಆಮೇಲೆ’ ಯಾವತ್ತೂ ಬಂದಿಲ್ಲ.

ಎದ್ದು ಕೂರಲೂ ಆಗದ ಅಮ್ಮ ಗುಂಡಿ ಒತ್ತಿದಳು. ಗಂಟೆ ಹೊಡೆಯಿತು.

“ಜೀವಕ್ಕೆ ಧೈರ್ಯ ಬಂತು ಕಣೋ,” ಎಂದಳು.

ನಾನು ತೂತನ್ನು ಹಾಗೇ ಬಿಟ್ಟು, ಹಲಗೆಯನ್ನು ಮೊದಲಿನಂತೆ ಇಟ್ಟು ಏಣಿ ಇಳಿದೆ.